ರಕ್ತ ಹೆಚ್ಚಾದ ಸುದ್ದಿ

ದೇವದುರ್ಗದ ಆಚೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಅನ್ನಪೂರ್ಣ ನರ್ಸ್. ರಾಯಚೂರಿನಲ್ಲಿ ನಡೆದ ಬಿಪಿ ತರಬೇತಿಯಿಂದ ಅವಳು ಹುರುಪಿನಲ್ಲೇ ಮರಳಿದ್ದಳು. ರೋಗಿಯನ್ನು ಹೆದರಿಸಬಾರದು, ನಗುಮುಖದಿಂದ ಹೇಳಬೇಕು, ಹೇಳಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು ಎಂದು ಅಲ್ಲಿ ಕಲಿಸಿದ್ದರು. 'ಬಿಪಿ' ಎನ್ನದೆ, ಗೋಡೆಗೆ ಹಚ್ಚುವ ಪಟದಲ್ಲಿ ಅಚ್ಚಾದಂತೆ 'ರಕ್ತದೊತ್ತಡ' ಎಂದೇ ಅನ್ನಬೇಕೆಂದೂ ಹೇಳಿದ್ದರು.

ಆ ಹಳ್ಳಿಯ ಯಮನಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಮದುವೆಯಾದಾಗಿನಿಂದ ಆಸ್ಪತ್ರೆಯವರಿಂದ ಅವಳು ಕೇಳಿದ್ದು ಒಂದೇ ಮಾತು: ನಿನಗೆ ರಕ್ತ ಕಡಿಮೆ. ಕೊಟ್ಟ ಗುಳಿಗೆ ನುಂಗಿದ್ದಳು, ನುಗ್ಗೆಸೊಪ್ಪು ತಿಂದಿದ್ದಳು, ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಈಗ ಸೊಸೆ ಹುಲಗೆಮ್ಮನಿಗೂ ಹೆರಿಗೆಯಾದ ಮೇಲೆ ಅದೇ ಮಾತು ಹೇಳಿದ್ದರು.

ಅನ್ನಪೂರ್ಣ ಯಮನಮ್ಮನ ತೋಳಿಗೆ ಪಟ್ಟಿ ಸುತ್ತಿ ನೋಡಿ, ನಕ್ಕು ಹೇಳಿದಳು: "ಯವ್ವಾ, ನಿನ್ನ ರಕ್ತದೊತ್ತಡ ಹೆಚ್ಚಾಗೇದ. ದಿನಾ ಈ ಗುಳಿಗಿ ತಗೋಬೇಕು. ಬಿಡಂಗಿಲ್ಲ."

"ಹೆಚ್ಚಾಗೇದ? ಖರೇನ್ರಿ ಅಕ್ಕೋರ?"

"ಖರೇನ ಯವ್ವಾ. ಹೆದರಬ್ಯಾಡ."

"ನಾ ಯಾಕ ಹೆದರ್ಲಿ? ಎಲ್ಲಮ್ಮ ಈಗ ಕಣ್ಣು ತೆರದ್ಲು ನೋಡ್ರಿ."

"ನಾ ಏನ್ ಹೇಳಿದ್ನಿ, ಒಮ್ಮಿ ಹೇಳು."

"ರಕ್ತ ಹೆಚ್ಚಾಗೇದ. ದಿನಾ ಗುಳಿಗಿ. ಬಿಡಂಗಿಲ್ಲ. ಸಾಲಿ ಹುಡುಗ್ರಂಗ ಕೈ ಕಟ್ಟಿ ಒಪ್ಪಿಸ್ಲೇನ್ರಿ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅನ್ನಪೂರ್ಣಳೂ ನಕ್ಕಳು. ಎಷ್ಟು ಧೈರ್ಯದ ಹೆಂಗಸು ಎಂದುಕೊಂಡು ಮುಂದಿನವರನ್ನು ಕರೆದಳು.

ಯಮನಮ್ಮ ಮನೆಗೆ ಬಂದು ಗುಳಿಗೆಗಳನ್ನು ಸೊಸೆಯ ಕೈಗಿಟ್ಟಳು. "ನನಗ ರಕ್ತ ಬಂತು, ಸಾಕು. ಇವು ಹೊಸಾ ಗುಳಿಗಿ, ಜೋರದಾವು. ನೀ ನುಂಗು."

ನುಂಗಿದ ಹುಲಗೆಮ್ಮನಿಗೆ ಕಣ್ಣು ಕತ್ತಲೆ ಬರತೊಡಗಿತು. ರಕ್ತ ಊರುವಾಗ ಹಾಗೇ ಆಗುತ್ತದೆ ಎಂದು ಅತ್ತೆ ಸಮಾಧಾನ ಹೇಳಿದಳು.

ಆ ಗುಳಿಗೆ ತೀರುವ ಮುಂಚೆಯೇ ಯಮನಮ್ಮ ಹೊಲದಲ್ಲಿ ಕುಸಿದು ಬಿದ್ದಳು. ಬಲಗೈ, ಬಲಗಾಲು ಹೋದವು. ದೇವರು ಕೊಟ್ಟ ಮಾತೂ ಹೋಯಿತು.

ನೋಡಲು ಹೋದ ಅನ್ನಪೂರ್ಣ ಗದರಿಸಿ ಕೇಳಿದಳು: "ಗುಳಿಗಿ ತಗೊಂತಿದ್ದಿಲ್ಲೇನು ಈಕಿ?"

"ನಾ ತಗೊಂಡೀನ್ರಿ," ಎಂದಳು ಹುಲಗೆಮ್ಮ. "ನಮ್ಮ ಅತ್ತೀಗೆ ರಕ್ತ ಹೆಚ್ಚಾಗೇದ ಅಂತ ನೀವ ಹೇಳೀರಲ್ರಿ. ಹೆಚ್ಚಾದ್ರ ಚಲೋ ಅಲ್ಲೇನ್ರಿ?"

ಅನ್ನಪೂರ್ಣ ಉಳಿದ ಗುಳಿಗೆಗಳನ್ನು ಅವಳಿಂದ ಇಸಿದುಕೊಂಡಳು.

ಮುಂದಿನ ತರಬೇತಿ ಮಾನ್ವಿಯಲ್ಲಿ ನಡೆಯಿತು. ಅನ್ನಪೂರ್ಣ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಸೊಸೆಗೆ ಗುಳಿಗೆ ಕೊಟ್ಟ ಮಾತು ಬಂದಾಗ ಹಿಂದಿನಿಂದ ಯಾರೋ, "ಎಂಥಾ ಅತ್ತಿ ರೀ, ಇಂಥಾಕಿ ನಮಗ್ಯಾಕ ಸಿಗಲಿಲ್ಲ," ಎಂದರು. ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಅವಳ ಉಳಿದ ಮಾತು ಮುಂದಿದ್ದವರಿಗಷ್ಟೇ ಕೇಳಿಸಿತು.

"ರಕ್ತ ಅನ್ನೋದ ಬ್ಯಾಡ್ರಿ ಸರ್," ಎಂದಳು ನಗು ತಗ್ಗಿದ ಮೇಲೆ. "ಬಿಪಿ ಅಂದ್ರ ನಮ್ಮ ಮಂದಿಗೆ ತಿಳೀತದ."

ತರಬೇತಿ ಕೊಡುತ್ತಿದ್ದ ಡಾಕ್ಟರ್ ವೇದವ್ಯಾಸರು ನಕ್ಕು ನಕ್ಕು ನೀರು ಬಂದ ಕಣ್ಣೊರೆಸಿಕೊಂಡು, "ಭಾಳ ಚಲೋ ಉದಾಹರಣಿ ಕೊಟ್ರಿ. ಆದ್ರ ಪಟ ಅಚ್ಚಾಗಿ ಬಂದುಬಿಟ್ಟಾವ. ಮುಂದ ನೋಡೋಣು," ಎಂದರು.

ಈಗ ಅವರು ಎಲ್ಲ ತರಬೇತಿಗಳಲ್ಲೂ, ಊಟವಾಗಿ ಮಂದಿಗೆ ತೂಕಡಿಕೆ ಬರುವ ಹೊತ್ತಿಗೆ ಈ ಸಂಗತಿ ಹೇಳುತ್ತಾರಂತೆ. ಮಂದಿ ಎಚ್ಚರಾಗಿ ನಗುತ್ತಾರಂತೆ. ಯಮನಮ್ಮ ಹೊಲದಲ್ಲಿ ಬಿದ್ದದ್ದನ್ನು ಮಾತ್ರ ಅವರು ಹೇಳುವುದಿಲ್ಲ. ಹೇಳಿದರೆ ನಗು ನಿಂತುಬಿಡುತ್ತದೆ.