ಉರಿಯದ ಕೆಂಪು ದೀಪ

ಬೆಳಿಗ್ಗೆ ಪಕ್ಕದ ಮನೆಯವರು ಹೊಸ ಕಾರಿನ ಕೀ ತಿರುಗಿಸಿ, ಬ್ಯಾಟರಿ ಗುರುತಿನ ಕೆಂಪು ದೀಪ ಕಂಡು ಗಾಬರಿಯಿಂದ ನನ್ನನ್ನು ಕರೆದರು. "ಅದು ಉರೀಲೇಬೇಕು. ಇಂಜಿನ್ ಶುರುವಾದ ಮೇಲೆ ಆರಬೇಕು, ಅಷ್ಟೇ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ ನೋಡಿ. ಈ ಒಂದು ಮಾತು ಕಲಿಯಲು ನಾನು ಭದ್ರಾ ಹಿನ್ನೀರಿನ ನಡುವೆ ಸಿಕ್ಕಿಹಾಕಿಕೊಳ್ಳಬೇಕಾಯಿತು.

ಆಗ ನನಗೆ ಮದುವೆಯಾಗಿ ಹದಿನೈದು ದಿನ. ಶಿವನಿ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿದ್ಯುತ್ತಿನ ಪಾಠವೆಂದರೆ ದನಿ ತಾನಾಗಿ ಏರುತ್ತಿತ್ತು. ಹೆಂಡತಿ ವಸುಧಾ ಅಜ್ಜಂಪುರದವಳು. ಅವಳಪ್ಪ ಟ್ರ್ಯಾಕ್ಟರುಗಳ ವೈರಿಂಗ್ ರಿಪೇರಿ ಮಾಡುತ್ತಿದ್ದರು. ಮಗಳು ಅವರ ಪಕ್ಕದಲ್ಲೇ ಕೂತು ಬೆಳೆದವಳೆಂದು ಯಾರೋ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಭಾನುವಾರ ಲಕ್ಕವಳ್ಳಿಯ ಕಡೆ ಹೋಗಿ, ರಾಮಣ್ಣ ಎಂಬವರ ಹಳೆಯ ಡೀಸೆಲ್ ದೋಣಿ ಹತ್ತಿದೆವು. ಅವರು ಕೀ ತಿರುಗಿಸಿದಾಗ ವಸುಧಾ ಬಗ್ಗಿ ನೋಡಿ, "ಚಾರ್ಜಿಂಗ್ ಲೈಟೇ ಬರ್ಲಿಲ್ವಲ್ಲ" ಎಂದಳು.

"ವಾರ್ನಿಂಗ್ ಲೈಟ್ ಬರ್ಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಕಣೇ" ಎಂದು ತರಗತಿಯ ದನಿಯಲ್ಲಿ ವಿವರಿಸಿದೆ. ಅವಳು ಸುಮ್ಮನಾದಳು. ಅದನ್ನು ಒಪ್ಪಿಗೆ ಎಂದುಕೊಂಡೆ.

ನಡುಗಡ್ಡೆಯ ಬಳಿ ಹಕ್ಕಿಗಳ ಕೂಗು ಕೇಳಲೆಂದು ಇಂಜಿನ್ ನಿಲ್ಲಿಸಲು ಹೇಳಿದವನೂ ನಾನೇ. ಮತ್ತೆ ಕೀ ತಿರುಗಿಸಿದರೆ ಬರೀ ಟಕ್ ಎಂದಿತು. ಗಾಳಿ ನಮ್ಮನ್ನು ನೀರಿನಿಂದ ತಲೆಯೆತ್ತಿದ್ದ ಮರದ ಮೋಟುಗಳ ಕಡೆಗೆ ತಳ್ಳತೊಡಗಿತು.

"ಮೊನ್ನೆಯಿಂದ ಬ್ಯಾಟ್ರಿ ವೀಕು ಸಾರ್. ಮೋಟಿಗೆ ಬಡುದ್ರೆ ತಳ ಸೀಳ್ಹೋಗ್ತದೆ" ಎಂದರು ರಾಮಣ್ಣ. ನನಗೆ ಈಜು ಬರದೆಂದು ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಅವಳು ಸೆರಗು ಸಿಕ್ಕಿಸಿ ಎದ್ದಳು. "ಇಂಜಿನ್ ಕೈಯಲ್ಲಿ ತಿರುಗ್ಸೋ ಹ್ಯಾಂಡಲ್ ಐತಾ, ರಾಮಣ್ಣೋರೇ?"

"ಐತೆ ಕಣಮ್ಮಾ. ಒಬ್ಬನ ಕೈಲಾಗಲ್ಲ."

"ಇಂಜಿನ್ ಒಳಗಿನ ಒತ್ತಡ ಬಿಡೋ ಲಿವರ್ ನಾನು ಹಿಡ್ಕೋತೀನಿ. ನೀವಿಬ್ರೂ ಜೋರಾಗಿ ತಿರುಗ್ಸಿ."

ಮೂರನೆಯ ಸಲ ಅವಳು ಲಿವರ್ ಬಿಟ್ಟಾಗ ಇಂಜಿನ್ ಕೆಮ್ಮಿ ಹೊಗೆ ಕಾರಿ ಶುರುವಾಯಿತು. ಮೋಟು ಒಂದು ಮಾರು ದೂರದಲ್ಲಿತ್ತು. ರಾಮಣ್ಣ ದೋಣಿ ತಿರುಗಿಸಿದರು. ನನ್ನ ಅಂಗೈಯ ಚರ್ಮ ಕಿತ್ತುಬಂದಿತ್ತು.

ಆಮೇಲೆ ಅವಳು ಮೀಟರುಗಳ ಹಿಂದೆ ಕೈಹಾಕಿ ಪುಟ್ಟ ಬಲ್ಬೊಂದನ್ನು ಹೊರತೆಗೆದಳು. ಒಳಗಿನ ತಂತಿ ತುಂಡಾಗಿತ್ತು. "ಇದು ಬರೀ ದೀಪ ಅಲ್ಲ ಕಣ್ರೀ. ಇದ್ರೊಳಗೆ ಹರಿಯೋ ಚೂರು ಕರೆಂಟಿಂದ್ಲೇ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕೆಲ್ಸ ಶುರು ಮಾಡೋದು. ಇದು ಸುಟ್ಟೋಯ್ತು, ಚಾರ್ಜೂ ನಿಂತೋಯ್ತು." ಇನ್ನೊಂದು ಮೀಟರಿನ ಬಲ್ಬ್ ಕಿತ್ತು ಆ ಜಾಗಕ್ಕೆ ಹಾಕಿದಳು. ಕೆಂಪು ದೀಪ ಬೆಳಗಿತು. ರಾಮಣ್ಣ ವೇಗ ಹೆಚ್ಚಿಸಿದಂತೆ ಆರಿಹೋಯಿತು.

"ದಡ ಸೇರೋವರ್ಗೂ ಆಫ್ ಮಾಡ್ಬೇಡಿ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿ, "ನಾನು ಆಗ್ಲೇ ಜೋರಾಗಿ ಹೇಳ್ಬೇಕಿತ್ತು" ಎಂದಳು.

"ನಾನು ಕೇಳಿಸ್ಕೋಬೇಕಿತ್ತು" ಎಂದೆ.

ಇವತ್ತು ಪಕ್ಕದ ಮನೆಯವರ ಕಾರು ಹೊರಟುಹೋದ ಮೇಲೆ ಒಳಗೆ ಬಂದು ವಸುಧಾಳನ್ನು, "ಈ ಸಲ ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ನೀನೇ ಮಾಡ್ತೀಯಾ?" ಎಂದು ಕೇಳಿದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ನೀವೇನ್ಮಾಡ್ತೀರಾ?"

"ಹಿಂದಿನ ಬೆಂಚಲ್ಲಿ ಕೂತು ನೋಟ್ಸ್ ಬರ್ಕೋತೀನಿ."

"ಹಾಗಾದ್ರೆ ಬತ್ತೀನಿ" ಎಂದಳು. "ಮಧ್ಯೆ ಬಾಯಿ ಹಾಕಿದ್ರೆ ಮಾತ್ರ ಹೊರಗೆ ನಿಲ್ಲಿಸ್ತೀನಿ."