ರೇಡಿಯೋದವರು ಹಾಕದ ನಮ್ಮ ಹಾಡು

ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ನಂಜನಗೂಡು. ಮದುವೆಗೆ ಮುಂಚೆ ಕಲಿತಿದ್ದ ಗಿಟಾರು ಆಮೇಲೆ ಎಷ್ಟೋ ವರ್ಷ ಬೀರುವಿನ ಮೇಲೆಯೇ ಇತ್ತು. ಅದನ್ನು ಕೆಳಗಿಳಿಸಿದವರು ನಮ್ಮತ್ತೆ. “ದೂಳ್ ಒರಸಕ್ಕಾ ಇಟ್ಕಂಡಿರದು ಇದ್ನ? ನುಡ್ಸು, ಕೇಳಾನ” ಎಂದರು.

ಒಮ್ಮೆ ಶಾಲೆಯ ಮಕ್ಕಳನ್ನು ತಲಕಾಡಿಗೆ ಕರೆದುಕೊಂಡು ಹೋಗಿ ಬಂದ ಮೇಲೆ, ಎಷ್ಟು ಕೊಡವಿದರೂ ಕಾಲು ಬಿಡದ ಆ ಮರಳಿನ ಮೇಲೆ ಒಂದು ಹಾಡು ಬರೆದೆ. ನಮ್ಮ ವಿಜ್ಞಾನದ ಮೇಷ್ಟ್ರಿಗೆ ಡ್ರಮ್ಸ್ ಹುಚ್ಚು. ಇಬ್ಬರೂ ಸೇರಿ ಅದನ್ನು ಪಾಪ್ ರಾಕ್ ಧಾಟಿಗೆ ಕೂರಿಸಿ, ಮೈಸೂರಿನ ಸಣ್ಣ ಸ್ಟುಡಿಯೋದಲ್ಲಿ ಎರಡು ಭಾನುವಾರ ಕೂತು ರೆಕಾರ್ಡ್ ಮಾಡಿದೆವು. ಆ ಒಂದೇ ಹಾಡನ್ನು ಸಿಂಗಲ್ ಎಂದು ಬಿಡುಗಡೆ ಮಾಡಿ ಎಫ್‌ಎಂ ಸ್ಟೇಷನ್ನುಗಳಿಗೆ ಕಳಿಸಿದೆವು.

ಒಂದು ಕಡೆಯಿಂದ ಮಾತ್ರ ಫೋನ್ ಬಂತು. “ಚೆನ್ನಾಗಿದೆ ಮೇಡಂ. ಆದ್ರೆ ನಮ್ಮಲ್ಲಿ ಸಿನಿಮಾ ಹಾಡೇ ಓಡೋದು.” ಉಳಿದವರು ಅಷ್ಟನ್ನೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ದಿನಾ “ರೇಡಿಯೋದಲ್ಲಿ ಬಂತಾ?” ಎಂದು ಕೇಳುತ್ತಿದ್ದವರು, ನನ್ನ ಮುಖ ನೋಡಿ ಕೇಳುವುದನ್ನೇ ಬಿಟ್ಟರು. ಕೇಳುತ್ತಿದ್ದಾಗಿನ ಮುಜುಗರಕ್ಕಿಂತ ಅದೇ ಹೆಚ್ಚು ನೋಯಿಸಿತು.

ಅತ್ತೆ ತಗಡೂರಿನ ಹೆಣ್ಣುಮಗಳು, ಹಿಡಿದದ್ದು ಬಿಡುವವರಲ್ಲ. ಕೇಳುಗರ ಮೆಚ್ಚಿನ ಹಾಡು ಹಾಕುವ ಬೆಳಗಿನ ಕಾರ್ಯಕ್ರಮಕ್ಕೆ ನನಗೆ ತಿಳಿಯದಂತೆ ದಿನಾ ಫೋನ್ ಮಾಡುತ್ತಿದ್ದರಂತೆ. ಲೈನ್ ಸಿಕ್ಕಿರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದು ದಿನ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ನಡುಮನೆಯಿಂದ ಅತ್ತೆಯ ದನಿ ಕೇಳಿತು. ಅದರ ಹಿಂದೆಯೇ, ನನ್ನ ಪಕ್ಕದಲ್ಲಿದ್ದ ರೇಡಿಯೋದಿಂದಲೂ ಅದೇ ದನಿ.

“ನಮ್ ಸೊಸೆ ಆಡಿರೋ ಆಡು ಆಕಪ್ಪಾ. ಮರಳಿಂದು.”

“ಅದು ನಮ್ಮತ್ರ ಇಲ್ವಲ್ಲಮ್ಮಾ” ಎಂದ ಕಾರ್ಯಕ್ರಮ ನಡೆಸುವ ಹುಡುಗ.

“ಇಲ್ದೆ ಏನು? ಕಳ್ಸವ್ಳೆ. ಉಡುಕು.”

ಆತ ನಗುತ್ತಲೇ ಕೇಳಿದ, “ಬೇರೆ ಯಾವ್ದಾದ್ರೂ ಹಾಕ್ಲಾ?”

“ಬ್ಯಾಡ. ನಾನೇ ಯೋಳ್ತೀನಿ, ಕೇಳು.”

ಹೇಳಿಯೇಬಿಟ್ಟರು. “ಕೊಡವಿದ್ರೂ ಕೊಡವಿದ್ರೂ ಓಗದ ಮರಳೇ, ನನ್ನ ಜೊತೆಗೇ ಬಸ್ಸು ಅತ್ತಿದೆಯಾ?” ಭಜನೆಯ ರಾಗ, ತಾಳ ಎಲ್ಲೋ. ಆದರೂ ಹುಡುಗ ತಡೆಯಲಿಲ್ಲ. ಎರಡು ಸಾಲು ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಸಿನಿಮಾ ಹಾಡು ಹಾಕಿದ.

ಅತ್ತೆ ಒಳಗೆ ಬಂದರು. “ಕೇಳಿಸ್ತಾ? ಮೂರ್ನೇ ಸಾಲು ಮರ್ತೋಯ್ತು ಕಣವ್ವ.”

ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. “ಅಯ್ಯೋ, ಅಷ್ಟ್ ಕೆಟ್ಟದಾಗ್ ಆಡುದ್ನಾ?” ಎಂದರು.

ನಮ್ಮ ಹಾಡು ರೇಡಿಯೋದಲ್ಲಿ ಬಂದದ್ದು ಅದೊಂದೇ ಸಲ. ಆ ಮುದುಕಿ ನನಗಾಗಿ ಎಷ್ಟು ದಿನ ಬೆಳಗ್ಗೆ ಆ ನಂಬರು ಒತ್ತಿರಬಹುದು ಎಂದು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ. ನನ್ನ ಸ್ವಂತ ತಾಯಿಯಿಂದಲೂ ಇಂಥದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

ಈಗ ಭಾನುವಾರ ಮೇಷ್ಟ್ರು ನರಸೀಪುರದಿಂದ ನಮ್ಮ ಮನೆಗೇ ಬರುತ್ತಾರೆ. ಎರಡನೇ ಹಾಡು ಅರ್ಧ ಆಗಿದೆ. “ಡ್ರಮ್ಮು ವಸಿ ಮೆತ್ತಗೆ ಒಡೀರಿ ಮೇಷ್ಟ್ರೇ, ಮಾತು ಕೇಳ್ಬೇಕು” ಎನ್ನುತ್ತಾರೆ ಅತ್ತೆ. ಮೇಷ್ಟ್ರು ಮೆತ್ತಗೆ ಬಾರಿಸುತ್ತಾರೆ.