ಹಿಮದಿಂದ ಬಾರದ ಹೆಸರು

ಮಹದೇವಯ್ಯನ ತಾತ ಬೀರಯ್ಯ ಸಾವಿನ ಸುದ್ದಿ ಒಯ್ಯುವವನು. ಊರಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಸುತ್ತಲ ಹಳ್ಳಿಯ ನೆಂಟರಿಗೆ ತಿಳಿಸುವುದು ಅವನ ಪಾಲಿನ ಕೆಲಸ. ತಿಳಿಸುವತನಕ ದಾರಿಯಲ್ಲಿ ಯಾರ ಜಗಲಿಯಲ್ಲೂ ಕೂರುತ್ತಿರಲಿಲ್ಲ, ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅಪ್ಪ ಸಿದ್ದಯ್ಯ ನಂಜನಗೂಡು ಕಡೆ ಅಂಚೆ ಹಂಚಿದವನು. ಓದು ಬಾರದವರಿಗೆ ಕಾಗದ ಓದಿ ಹೇಳುವಾಗ ಒಂದು ಮಾತು ಕೂಡಿಸಿದವನಲ್ಲ, ಕಳೆದವನಲ್ಲ. ಬೈಗುಳವಿದ್ದರೆ ಬೈಗುಳವನ್ನೇ ಓದಿ ಪೊರಕೆ ಏಟು ತಿಂದು ಬಂದದ್ದೂ ಉಂಟು.

ಇಂಥ ವಂಶದ ಮಹದೇವಯ್ಯ ಸಿದ್ಧಾರ್ಥನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಪರೀಕ್ಷೆ ಕಟ್ಟಿ ಹ್ಯಾಮ್ ಲೈಸೆನ್ಸ್ ಪಡೆದ. ಮನೆಯಲ್ಲೇ ಕೂತು ಸ್ವಂತ ಯಂತ್ರದಿಂದ ದೇಶಾಂತರದವರೊಡನೆ ಮಾತಾಡುವ ಹವ್ಯಾಸ ಅದು. ಅದೇ ಊರಿನ ಗೋಕುಲಂ ಬಡಾವಣೆಯ ಶಿವಶಂಕರ್ ಆ ವಿದ್ಯೆ ಕಲಿತದ್ದು ಇವನ ಮಗ್ಗುಲಲ್ಲಿ ಕೂತೇ. ನಮ್ಮವರು ದಕ್ಷಿಣ ಧ್ರುವದ ಹಿಮಖಂಡಕ್ಕೆ ಹೋಗತೊಡಗಿದ ಮೊದಮೊದಲ ವರ್ಷಗಳಲ್ಲಿ ಅವನೂ ಒಂದು ತಂಡದ ಜೊತೆ ಯಂತ್ರ ಹೊತ್ತು ಹೋದ. ಬಸುರಿ ಹೆಂಡತಿ ಅಂಬುಜಮ್ಮನಿಗೆ ಗಂಡನ ಕ್ಷೇಮ ಸಮಾಚಾರ ತಲುಪುತ್ತಿದ್ದುದು ಮಹದೇವಯ್ಯನ ಬಾಯಿಂದ.

ಹೆಣ್ಣು ಮಗು ಹುಟ್ಟಿತು. ಹೆಸರು ಅಪ್ಪನೇ ಹೇಳಬೇಕು ಎಂದು ಅಂಬುಜಮ್ಮನ ಹಟ. ನಾಮಕರಣದ ಬೆಳಿಗ್ಗೆ ಮಹದೇವಯ್ಯ ಯಂತ್ರದ ಮುಂದೆ ಕೂತ. "ಹೆಸರು ಬರ್ಕೊಳಿ ಮಹದೇವಣ್ಣ" ಎಂದು ಶಿವಶಂಕರನ ದನಿ ಬಂತು, ಅಷ್ಟೇ. ಧ್ರುವದ ಕಡೆ ಆಕಾಶ ಕೆಟ್ಟರೆ ರೇಡಿಯೋ ಹಾಗೇ ಕಿವುಡಾಗುತ್ತದೆ. ಆಮೇಲೆ ಮಳೆ ಹುಯ್ದಂಥ ಮೊರೆತ ಬಿಟ್ಟು ಬೇರೇನೂ ಇಲ್ಲ.

ಕೇಳದ್ದನ್ನು ಕೇಳಲಿಲ್ಲ ಅನ್ನಬೇಕು, ರೇಡಿಯೋದವರ ಮೊದಲ ನೇಮ ಅದು. ಹಾಗನ್ನಲೆಂದೇ ಮಹದೇವಯ್ಯ ಸೈಕಲ್ ತುಳಿದುಕೊಂಡು ಗೋಕುಲಂಗೆ ಹೋದ. ತೊಟ್ಟಿಲ ಪಕ್ಕ ಕಣ್ಣರಳಿಸಿ ನಿಂತ ಬಾಣಂತಿಯನ್ನು ನೋಡಿದ್ದೇ ತಡ, ಕಿವಿಯಲ್ಲಿದ್ದ ಮಳೆಯೇ ಬಾಯಿಗೆ ಬಂತು: "ವರ್ಷಿಣಿ ಅಂದ್ರು."

ಆಕಾಶ ತಿಳಿಯಾಗಲು ಹಲವು ದಿನ ಹಿಡಿಯಿತು. "ವರ್ಷಿಣಿ ಅಂತ ಇಟ್ರು ಕಣಪ್ಪ" ಅಂದಾಗ ಶಿವಶಂಕರ್ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ "ಸರಿ ಬುಡಿ" ಅಂದ. ನಾನೇ ಇಟ್ಟದ್ದು ಅನ್ನಲು ಮಹದೇವಯ್ಯನಿಗೆ ಬಾಯಿ ಬರಲಿಲ್ಲ. ಒಳ್ಳೆ ಹೆಸರೇ ತಾನೆ, ಯಾರ ಮನೆ ಮುಳುಗಿತು ಎಂದು ಸಮಾಧಾನ ಮಾಡಿಕೊಂಡ.

ಈಗ ಶಿವಶಂಕರ್ ತೀರಿಕೊಂಡು ವರ್ಷವಾಯಿತು. ಏರಿಯಲ್ ಕಂಬ ಇಳಿಸಲು ಹೋಗಿ ಮಹದೇವಯ್ಯ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ, ವರ್ಷಿಣಿಯೇ ಕಾರಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ನನ್ನ ಹೆಸರು ತಂದುಕೊಟ್ಟ ದೊಡ್ಡಪ್ಪ ಎಂದು ಅವಳಿಗೆ ಅಕ್ಕರೆ.

ಮೊನ್ನೆ ಅವಳು ಬಂದಾಗ ಮಹದೇವಯ್ಯ ಇನ್ನೂ ಊಟದ ತಟ್ಟೆಯ ಮುಂದಿದ್ದ. "ಈ ವಯಸ್ಸಲ್ಲಿ ಕೋತಿ ಆಗ್ಬುಟ್ರು ಕಣಮ್ಮ ನಿಮ್ಮ ದೊಡ್ಡಪ್ಪ, ಬಾಲ ಒಂದು ಕಮ್ಮಿ" ಅಂದಳು ಹೆಂಡತಿ ಸೋಮಮ್ಮ.

ವರ್ಷಿಣಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳ್ತೀನಿ ದೊಡ್ಡಪ್ಪ. ಅಪ್ಪ ನನ್ನನ್ನ ಹೆಸರು ಹಿಡಿದು ಕರೀಲೇ ಇಲ್ಲ, ಮಗು ಅಂತಲೇ ಅಂದ್ರು. ಕೊನೆ ಜ್ವರದಲ್ಲಿ ಅಮ್ಮನ ಕಡೆ ತಿರುಗಿ, 'ನನ್ನ ತಾಯಿ ಹೆಸರು ಇಡು ಅಂದ್ರೆ ತಳ್ಳಾಕ್ಬುಟ್ಟೆ, ಮಂಚಮ್ಮ ಅನ್ನೋದು ನಿಂಗೆ ಹಳ್ಳಿ ಹೆಸರಾಯ್ತಾ' ಅಂದ್ರು. 'ಅವ್ರು ಕಳಿಸಿದ ಹೆಸರನ್ನೇ ಇಟ್ಟೆನಲ್ಲ, ನಾನೇನು ತಪ್ಪು ಮಾಡ್ದೆ' ಅಂತ ಅಮ್ಮ ಇವತ್ತಿಗೂ ಕೊರಗ್ತಾರೆ. ಅಪ್ಪ ನಿಮ್ಮ ಹತ್ರ ಏನಾದ್ರೂ ಅಂದಿದ್ರಾ?"

ಮಹದೇವಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಒಂದು ಸಂಸಾರದ ನಡುವೆ ಮುಳ್ಳು ನೆಟ್ಟು, ಅದೇ ಮನೆಯ ಕಾರಲ್ಲಿ ಓಡಾಡುತ್ತಿದ್ದೇನಲ್ಲ ಎಂದುಕೊಂಡ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಸತ್ತವನು ಬಂದು ಸಾಕ್ಷಿ ನುಡಿಯುವುದಿಲ್ಲ. ಆದರೆ ಅಂಬುಜಮ್ಮ ಬದುಕಿದ್ದಾಳೆ, ಮಾಡದ ತಪ್ಪು ಹೊತ್ತುಕೊಂಡು.

"ಅವನು ಹೇಳಿದ್ದು ನಂಗೆ ಕೇಳ್ಲೇ ಇಲ್ಲ ಕಣಮ್ಮ" ಅಂದ. "ವರ್ಷಿಣಿ ಅಂತ ನಾನೇ ಹುಟ್ಟಿಸಿ ಹೇಳ್ದೆ. ಅವನಿಗೂ ಹೇಳ್ಲಿಲ್ಲ, ನಿಮ್ಮಮ್ಮನಿಗೂ ಹೇಳ್ಲಿಲ್ಲ. ತಾನು ಹೇಳಿದ ಹೆಸರನ್ನ ನಿಮ್ಮಮ್ಮ ತಳ್ಳಾಕ್ಬುಟ್ರು ಅಂತ ಅವನು ತಿಳ್ಕೊಂಡ."

ವರ್ಷಿಣಿ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಏಳಿ, ಆಸ್ಪತ್ರೆಗೆ ಹೊತ್ತಾಯ್ತು. ಅಮ್ಮನಿಗೆ ನಾನೇ ಸಮಯ ನೋಡಿ ನಿಧಾನಕ್ಕೆ ಹೇಳ್ತೀನಿ."

ಮಹದೇವಯ್ಯ ಆ ಕೈ ಹಿಡಿಯಲಿಲ್ಲ. ಊರುಗೋಲು ಎಳೆದುಕೊಂಡು ತಾನೇ ಎದ್ದ.

"ಬೇಡ ಕಣಮ್ಮ. ನೀನಾದ್ರೆ ಬೆಣ್ಣೆ ಸವರಿ ಹೇಳ್ತೀಯ, ನಿಮ್ಮಮ್ಮ ಬಾಯಿ ತುಂಬ ಬೈಯೋಕೂ ಆಗ್ದೆ ಉಳ್ಕೋತಾರೆ. ಆಸ್ಪತ್ರೆ ನಾಳೆ ಆಯ್ತದೆ. ಆಟೋ ಕರೆದು ಗೋಕುಲಂಗೆ ನಾನೇ ಹೋಯ್ತೀನಿ, ನೀನು ಜೊತೇಲಿ ಬರಬೇಡ."